ಡಿಎನ್‌ಎ ಒಳಗೆ ನುಸುಳುವ ಬಣ್ಣ

ನೀರಿನಲ್ಲಿ ಕರಗಿದ ಡಿಎನ್‌ಎಗೆ ಬಣ್ಣವಿಲ್ಲ. ಆದರೂ ಪ್ರಯೋಗಾಲಯದ ಕತ್ತಲೆ ಕೋಣೆಯಲ್ಲಿ, ನೇರಳಾತೀತ ದೀಪದ ಮೇಲಿಟ್ಟ ಜೆಲ್‌ನಲ್ಲಿ ಅದು ಕಿತ್ತಳೆ ಪಟ್ಟಿಗಳಾಗಿ ಕಾಣಿಸುತ್ತದೆ. ಹಾಗೆ ಹೊಳೆಯುವುದು ಅದರೊಳಗೆ ಸೇರಿಕೊಂಡ ಎಥಿಡಿಯಮ್ ಬ್ರೋಮೈಡ್ ಎಂಬ ಬಣ್ಣ. 1950ರ ದಶಕದಲ್ಲಿ ಇದು ಆಫ್ರಿಕಾದ ದನಗಳಿಗೆ ತ್ಸೆತ್ಸೆ ನೊಣ ಅಂಟಿಸುವ ಟ್ರಿಪನೊಸೋಮ್ ರೋಗಕ್ಕೆ ಔಷಧಿಯಾಗಿತ್ತು. ಜೆಲ್‌ಗೆ ಬಂದದ್ದು 1970ರ ದಶಕದಲ್ಲಿ.

ಬಣ್ಣ ಡಿಎನ್‌ಎಯನ್ನು ಸೇರುವ ಬಗೆಯನ್ನು 1961ರಲ್ಲಿ ವಿವರಿಸಿದವರು ಲಿಯೊನಾರ್ಡ್ ಲರ್ಮನ್. ಪ್ರೊಫ್ಲೇವಿನ್‌ನಂಥ ಅಕ್ರಿಡೀನ್ ಬಣ್ಣ ಬೆರೆಸಿದರೆ ಡಿಎನ್‌ಎ ದ್ರಾವಣದ ಸ್ನಿಗ್ಧತೆ ಹೆಚ್ಚುತ್ತಿತ್ತು. ಎಳೆ ಉದ್ದವಾಗಿ ಸೆಟೆದುಕೊಂಡಿದ್ದರೆ ಮಾತ್ರ ಹಾಗಾಗಬೇಕು. ಚಪ್ಪಟೆಯಾದ ಈ ಅಣು ಪ್ರತ್ಯಾಮ್ಲ ಜೋಡಿಗಳ ನಡುವೆ ತೂರಿಕೊಳ್ಳುತ್ತದೆ, ವೀಳ್ಯದೆಲೆಯ ಕಟ್ಟಿನೊಳಕ್ಕೆ ಮತ್ತೊಂದು ಎಲೆ ಸೇರಿಸಿದ ಹಾಗೆ, ಎಂಬುದು ಅವರ ತರ್ಕದ ಸಾರ.

ಎರಡು ಜೋಡಿಗಳ ನಡುವಿನ ಅಂತರ 0.34 ನ್ಯಾನೊಮೀಟರ್. ಎಥಿಡಿಯಮ್ ನುಸುಳಿದಲ್ಲಿ ಆ ಅಂತರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಜೋಡಿಯಿಂದ ಜೋಡಿಗೆ ಸುಮಾರು 36 ಡಿಗ್ರಿ ತಿರುಗುವ ಸುರುಳಿ ಅಲ್ಲಿ 26 ಡಿಗ್ರಿಯಷ್ಟು ಬಿಚ್ಚಿಕೊಳ್ಳುತ್ತದೆ. ಧನಾವೇಶವಿರುವ ಬಣ್ಣವನ್ನು ಡಿಎನ್‌ಎ ಬೆನ್ನೆಲುಬಿನ ಋಣಾವೇಶದ ಫಾಸ್ಫೇಟ್ ಸೆಳೆಯುತ್ತದೆ. ಒಳಹೊಕ್ಕ ಮೇಲೆ ಮೇಲಿನ, ಕೆಳಗಿನ ಜೋಡಿಗಳ ಚಪ್ಪಟೆ ಮೈ ಹಿಡಿದಿಡುತ್ತದೆ. ಗಟ್ಟಿ ರಾಸಾಯನಿಕ ಬಂಧ ಏರ್ಪಡುವುದಿಲ್ಲ, ಹಾಗಾಗಿ ಬಣ್ಣವನ್ನು ತೊಳೆದು ತೆಗೆಯಲೂ ಬರುತ್ತದೆ. ನೀರಿನಲ್ಲಿದ್ದಾಗ ಎಥಿಡಿಯಮ್ ಹೀರಿದ ಬೆಳಕಿನ ಶಕ್ತಿ ಬಹುಪಾಲು ನೀರಿನ ಅಣುಗಳ ಪಾಲಾಗುತ್ತದೆ. ಜೋಡಿಗಳ ನಡುವೆ ಅಡಗಿದಾಗ ಆ ಸೋರಿಕೆ ತಗ್ಗಿ, ಹೊಳಪು ಸುಮಾರು 20 ಪಟ್ಟು ಏರುತ್ತದೆ.

ಎಲ್ಲ ಬಣ್ಣಗಳೂ ಹೀಗೆ ಒಳಗೆ ತೂರುವುದಿಲ್ಲ. ಸುರುಳಿಯ ಮೈಮೇಲೆ ಅಗಲವಾದುದೊಂದು, ಕಿರಿದಾದುದೊಂದು, ಹೀಗೆ ಎರಡು ತೋಡುಗಳಿವೆ. ಕೋಶಕೇಂದ್ರವನ್ನು ನೀಲಿಯಾಗಿ ತೋರಿಸುವ ಡಾಪಿ ಮತ್ತು ಹೋಕ್ಸ್ಟ್ 33258 ಕಿರಿದಾದ ತೋಡಿನಲ್ಲಿ, ಅದರಲ್ಲೂ ಅಡೆನಿನ್-ಥೈಮಿನ್ ಜೋಡಿಗಳು ಸಾಲುಗಟ್ಟಿದ ಕಡೆ ಕೂರುತ್ತವೆ. ಇವು ಸುರುಳಿಯನ್ನು ಬಿಚ್ಚುವುದಿಲ್ಲ.

ನಡುವೆ ತೂರುವ ಗುಣವೇ ಅಪಾಯಕ್ಕೂ ಉಪಯೋಗಕ್ಕೂ ಮೂಲ. ಡಿಎನ್‌ಎ ನಕಲಾಗುವಾಗ ಇಂಥ ಅಣು ಒಳಗಿದ್ದರೆ ಒಂದು ಅಕ್ಷರ, ಎಂದರೆ ಒಂದು ಪ್ರತ್ಯಾಮ್ಲ, ಹೆಚ್ಚಾಗಬಹುದು, ಇಲ್ಲವೇ ಬಿಟ್ಟುಹೋಗಬಹುದು. ಪ್ರೊಫ್ಲೇವಿನ್ ಹುಟ್ಟಿಸಿದ ಇಂಥ ತಪ್ಪುಗಳನ್ನೇ ಹಿಡಿದು, ಬ್ಯಾಕ್ಟೀರಿಯಾವನ್ನು ಕಾಡುವ ಟಿ4 ವೈರಸ್‌ನಲ್ಲಿ ಫ್ರಾನ್ಸಿಸ್ ಕ್ರಿಕ್, ಸಿಡ್ನಿ ಬ್ರೆನರ್ ಮತ್ತು ಸಂಗಡಿಗರು 1961ರಲ್ಲಿ ಪ್ರಯೋಗ ನಡೆಸಿದರು. ಒಂದೆರಡು ಅಕ್ಷರ ಸೇರಿದರೆ ಕೆಡುತ್ತಿದ್ದ ಜೀನ್, ಮೂರು ಸೇರಿದಾಗ ಮತ್ತೆ ಕೆಲಸ ಮಾಡಿತು. ಜೀವಿಗಳ ಸಂಕೇತವನ್ನು ಮೂರು ಮೂರು ಅಕ್ಷರಗಳಾಗಿ ಓದಬೇಕು ಎಂಬುದಕ್ಕೆ ಇದು ಬಲವಾದ ಸಾಕ್ಷಿಯಾಯಿತು. ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವ ಕೆಂಪು ಬಣ್ಣದ ಕ್ಯಾನ್ಸರ್ ಔಷಧಿ ಡಾಕ್ಸೊರುಬಿಸಿನ್ ಕೂಡ ಹೀಗೆಯೇ ನುಸುಳುತ್ತದೆ. ಡಿಎನ್‌ಎಯನ್ನು ಕತ್ತರಿಸಿ ಬೆಸೆಯುವ ಕಿಣ್ವವನ್ನು ಅರ್ಧದಲ್ಲೇ ಸಿಕ್ಕಿಹಾಕಿಸಿ, ಕ್ಯಾನ್ಸರ್ ಕೋಶಗಳು ಸಾಯುವಂತೆ ಮಾಡುತ್ತದೆ.

ಈಗ ಜೀವಕೋಶದ ಪೊರೆ ದಾಟದಂತೆ ದೊಡ್ಡ ಅಣುಗಳಾಗಿ ರೂಪಿಸಿದ ಬಣ್ಣಗಳೂ ಮಾರುಕಟ್ಟೆಯಲ್ಲಿವೆ. ಆದರೂ ಡಬ್ಬಿಯ ಮೇಲೆ ‘ಸುರಕ್ಷಿತ’ ಎಂದು ಬರೆದಿದ್ದ ಮಾತ್ರಕ್ಕೆ ಎಚ್ಚರ ತಪ್ಪಬಾರದು. ಜೆಲ್ ಮುಟ್ಟುವ ವಿದ್ಯಾರ್ಥಿಗಳು ಕೈಗವಸು ಹಾಕಿಕೊಳ್ಳಲಿ. ಉಳಿದ ಬಣ್ಣವನ್ನು ಸಿಂಕ್‌ಗೆ ಸುರಿಯದೆ ಬೇರೆಯಾಗಿ ವಿಲೇವಾರಿ ಮಾಡಲಿ. ಜೆಲ್‌ನಲ್ಲಿರುವ ಡಿಎನ್‌ಎ ಒಳಗೆ ನುಸುಳಬಲ್ಲ ಬಣ್ಣ, ನಮ್ಮ ಡಿಎನ್‌ಎ ಒಳಗೂ ನುಸುಳಬಲ್ಲದು.