ಮಾರುವ ಮನೆಯ ಕೆಂಪು ನೆಲ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮಾರಾಟಕ್ಕೆ ಬರುವ ಸ್ವತಂತ್ರ ಮನೆಗಳನ್ನು ನೋಡಲು ಮುಖ್ಯವಾಗಿ ಎರಡು ಬಗೆಯ ಗಿರಾಕಿಗಳು ಬರುತ್ತಾರೆ. ಮೊದಲನೆಯವರಿಗೆ ಬೇಕಾದದ್ದು ಸೈಟು. ಮನೆ ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಕೆಡವಿ ಮೇಲೆ ಎಷ್ಟು ಅಂತಸ್ತು ಎತ್ತಬಹುದೆಂಬ ಲೆಕ್ಕ ಹಾಕುತ್ತಲೇ ಗೇಟು ದಾಟುವ ಇವರ ಗಮನವೆಲ್ಲ ರಸ್ತೆಯ ಅಗಲ ಮತ್ತು ನಿವೇಶನದ ಮೂಲೆಗಳ ಮೇಲಿರುತ್ತದೆ. ಎರಡನೆಯವರು ಸಂಖ್ಯೆಯಲ್ಲಿ ಕಡಿಮೆ. ಕಿಟಕಿಯ ನೆತ್ತಿಯಿಂದ ಮುಂಚಾಚಿರುವ, ಮಂಕಿ ಟಾಪ್ ಎಂದು ಹೆಸರಾದ ಚೂಪು ಮರದ ಮಾಡು, ತೇಗದ ಬಾಗಿಲು, ಮಂಗಳೂರು ಹೆಂಚು, ಕೆಂಪು ನೆಲ ಇವುಗಳನ್ನೇ ಹುಡುಕಿಕೊಂಡು ಬರುವ ಇವರು ಹಳೆಯ ಮನೆಯನ್ನು ಹಳೆಯ ಮನೆಯಾಗಿಯೇ ಕೊಳ್ಳಬಯಸುತ್ತಾರೆ. ವಿಚಿತ್ರವೆಂದರೆ ಮಾರುವವರು ಮನೆಯನ್ನು ಸಜ್ಜುಗೊಳಿಸುವುದು ಈ ಇಬ್ಬರಲ್ಲಿ ಯಾರಿಗಾಗಿಯೂ ಅಲ್ಲ. ಅಪಾರ್ಟ್‌ಮೆಂಟಿನ ಮಾದರಿ ಫ್ಲಾಟಿನ ಹೊಳಪಿಗೆ ಮನಸೋತಿರುವ, ಈ ಬೀದಿಯ ಕಡೆ ತಲೆ ಹಾಕುವ ಸಂಭವವೇ ಕಡಿಮೆಯಿರುವ ಮೂರನೆಯ ಗಿರಾಕಿಯೊಬ್ಬನನ್ನು ಕಲ್ಪಿಸಿಕೊಂಡು ಅವರು ಹಣ ಸುರಿಯುತ್ತಾರೆ.

ಮನೆಯನ್ನು ನೋಡುವವರ ಕಣ್ಣಿಗೆ ಒಪ್ಪುವಂತೆ ಅಣಿಗೊಳಿಸುವ ಕೆಲಸಕ್ಕೆ ಅಮೆರಿಕದಲ್ಲಿ ‘ಹೋಮ್ ಸ್ಟೇಜಿಂಗ್’ ಎಂಬ ಹೆಸರಿದ್ದು, ಮನೆಯನ್ನು ರಂಗಸಜ್ಜಿಕೆಯಂತೆ ಕಾಣುವ ಈ ವೃತ್ತಿಯನ್ನು 1972ರಲ್ಲಿ ಆರಂಭಿಸಿದ ಕೀರ್ತಿ ಬಾರ್ಬ್ ಶ್ವಾರ್ಟ್ಸ್ ಎಂಬ ಮಹಿಳೆಗೆ ಸಲ್ಲುತ್ತದೆ. ವಾಸವಿದ್ದವರ ಗುರುತು ಉಳಿಯದಂತೆ ಕುಟುಂಬದ ಫೋಟೋಗಳನ್ನು ಇಳಿಸುವುದು, ಸಾಮಾನುಗಳಲ್ಲಿ ಅರ್ಧವನ್ನು ಬೇರೆಡೆ ಸಾಗಿಸುವುದು, ಯಾರ ಅಭಿರುಚಿಗೂ ಅಡ್ಡಬರದ ತಿಳಿಬಣ್ಣವನ್ನು ಗೋಡೆಗೆ ಬಳಿಸುವುದು, ನೋಡುವವರು ಬರುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯಿಂದ ಬಿಸ್ಕತ್ತು ಬೇಯುವ ಪರಿಮಳ ಹರಡುವಂತೆ ಮಾಡುವುದು ಇವೆಲ್ಲ ಅದರ ವಿಧಿಗಳು. ಇಷ್ಟು ಲೆಕ್ಕಾಚಾರದ ಅದೇ ದೇಶದಲ್ಲಿ, ವ್ಯಾಪಾರ ಬೇಗ ಕುದುರಲೆಂದು ಸಂತ ಜೋಸೆಫರ ಪುಟ್ಟ ವಿಗ್ರಹವನ್ನು ಅಂಗಳದಲ್ಲಿ ತಲೆಕೆಳಗಾಗಿ ಹೂಳುವವರೂ ಇದ್ದಾರೆ. ಮಾರಾಟವಾದ ಮೇಲೆ ವಿಗ್ರಹವನ್ನು ಅಗೆದು ತೆಗೆದು ಹೊಸ ಮನೆಯಲ್ಲಿ ಗೌರವದಿಂದ ಇರಿಸಬೇಕೆಂಬುದು ರೂಢಿ, ಮತ್ತು ಹೂಳುವುದಕ್ಕೆಂದೇ ಸಿದ್ಧಪಡಿಸಿದ ಪೊಟ್ಟಣಗಳು ಅಲ್ಲಿ ಮಾರಾಟಕ್ಕೆ ಸಿಗುತ್ತವೆ. ದಕ್ಷಿಣ ದಿಕ್ಕಿನ ಬಾಗಿಲಿಗೆ ಪರಿಹಾರವೆಂದು ಬೆಂಗಳೂರಿನಲ್ಲಿ ಹೇಳಲಾಗುವ ವಾಸ್ತು ಉಪಾಯಗಳನ್ನು ಕಂಡು ನಗುವವರು ಇದನ್ನೂ ನೆನಪಿಡುವುದು ಒಳ್ಳೆಯದು.

ಈ ವಿಧಿಗಳು ಬೆಂಗಳೂರಿಗೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಬಸವನಗುಡಿಯ ಅಡ್ಡರಸ್ತೆಯೊಂದರಲ್ಲಿ ಇತ್ತೀಚೆಗೆ ನೋಡಲು ದೊರೆತ ಮನೆಯೊಂದು ನಿದರ್ಶನ. ಬಸವನಗುಡಿ, ಮಲ್ಲೇಶ್ವರಗಳು ನಗರಕ್ಕೆ ಬಡಿದ 1898ರ ಪ್ಲೇಗಿನ ಬಳಿಕ ಬೆಳೆದ ಬಡಾವಣೆಗಳು. ಈ ಮನೆ ಅಷ್ಟು ಹಳೆಯದಲ್ಲ, ಆದರೆ ಅದರ ಒಡತಿ ಮದುವೆಯಾಗಿ ಬಂದು ಹೊಸಿಲು ದಾಟಿದ್ದು ಅಲ್ಲಿಗೇ. ಮಕ್ಕಳಿಬ್ಬರೂ ಹೊರದೇಶದಲ್ಲಿದ್ದು, ಮನೆ ಮಾರಿ ಫ್ಲಾಟಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ನಡುಮನೆಯ ಗೋಡೆಯನ್ನು ಬಣ್ಣದವರು ಕೆರೆಯುತ್ತಿದ್ದಾಗ ಕೆನೆಬಣ್ಣದ ಎಮಲ್ಷನ್ನಿನ ಕೆಳಗೆ ಹಸಿರು ಡಿಸ್ಟೆಂಪರ್, ಅದರ ಕೆಳಗೆ ನೀಲಿ ಬೆರೆಸಿದ ಸುಣ್ಣ ಒಂದೊಂದಾಗಿ ಕಾಣಿಸಿಕೊಂಡವು. ಕ್ಯಾಲೆಂಡರ್ ಮೊಳೆಗಳ ತೂತುಗಳಿಗೆ ಪುಟ್ಟಿ ತುಂಬಲಾಗಿತ್ತು. ದೇವರ ಕೋಣೆಯ ಬಾಗಿಲವಾಡದಲ್ಲಿ ಮಕ್ಕಳ ಎತ್ತರ ಅಳೆದು ಪೆನ್ಸಿಲಿನಿಂದ ಎಳೆದಿದ್ದ ಗೆರೆಗಳಿಗೆ ಮಾತ್ರ ಇನ್ನೂ ಮರಳುಕಾಗದ ತಾಗಿರಲಿಲ್ಲ. ಪಡಸಾಲೆಯಲ್ಲಿ ವಿಟ್ರಿಫೈಡ್ ಟೈಲಿನ ಡಬ್ಬಗಳನ್ನು ಸೊಂಟದೆತ್ತರಕ್ಕೆ ಪೇರಿಸಲಾಗಿತ್ತು. “ಅಮ್ಮಾ, ಪಾರ್ಟಿ ಒಳಗೆ ಕಾಲಿಟ್ಟ ತಕ್ಷಣ ಮನೆ ಪಳಪಳ ಅನ್ನಬೇಕು,” ಎಂಬುದು ಬ್ರೋಕರನ ವಾದ. ಈ ವ್ಯವಹಾರದಲ್ಲಿ ಕೊಳ್ಳುವವರೆಲ್ಲರೂ ‘ಪಾರ್ಟಿ’ಗಳೇ.

ಟೈಲಿನ ಕೆಳಗೆ ಹೂತುಹೋಗಲಿದ್ದದ್ದು ರೆಡ್ ಆಕ್ಸೈಡ್ ನೆಲ. ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿಯನ್ನು ಸಿಮೆಂಟಿಗೆ ಬೆರೆಸಿ, ಕೆಳಗಿನ ಗಾರೆ ಪೂರ್ತಿ ಒಣಗುವ ಮುನ್ನವೇ ಅದರ ಮೇಲೆ ತೆಳುವಾಗಿ ಹರಡಿ, ಹೊಳಪು ಏಳುವವರೆಗೆ ಕರಣೆಯಿಂದ ಒತ್ತಿ ಉಜ್ಜುವ ಈ ವಿಧಾನದಲ್ಲಿ ಯಂತ್ರಕ್ಕೆ ಕೆಲಸವಿಲ್ಲ. ಎಲ್ಲವೂ ಮೇಸ್ತ್ರಿಯ ಮಣಿಕಟ್ಟಿನ ಮೇಲೆ ನಿಂತಿದೆ. ಕೋಣೆಯ ಕೆಲಸವನ್ನು ನಡುವೆ ನಿಲ್ಲಿಸಿ ಮರುದಿನ ಮುಂದುವರಿಸಿದರೆ ಎರಡು ದಿನಗಳ ಕೆಲಸದ ನಡುವಿನ ಗೆರೆ ಶಾಶ್ವತವಾಗಿ ಉಳಿಯುವುದರಿಂದ ಒಂದೇ ಪಟ್ಟಿನಲ್ಲಿ ಮುಗಿಸಬೇಕು. ಬಳಿಕ ದಿನಗಟ್ಟಲೆ ನೀರು ನಿಲ್ಲಿಸಿ ಹದ ಬರಿಸಬೇಕು. ಆಮೇಲೆ ಕೊಬ್ಬರಿ ಎಣ್ಣೆಯನ್ನೋ ಮೇಣವನ್ನೋ ತಿಕ್ಕಬೇಕು. ಬಿಸಿಲುಗಾಲದಲ್ಲಿ ಅಂಗಾಲಿಗೆ ತಂಪಾಗಿರುವ, ಒರೆಸಿದಷ್ಟೂ ನಡೆದಾಡಿದಷ್ಟೂ ಹೊಳಪು ಏರುವ ಇಂಥ ನೆಲ ಇನ್ನೊಂದಿಲ್ಲವೆಂದರೆ ಅದರಲ್ಲಿ ಸ್ವಲ್ಪ ಮೋಹ ಬೆರೆತಿರಬಹುದು, ಸುಳ್ಳಂತೂ ಇಲ್ಲ. ಅದಕ್ಕೆ ದೋಷವಿಲ್ಲವೆಂದಲ್ಲ. ಬಿರುಕು ಬಿಡುತ್ತದೆ, ಒಮ್ಮೆ ಬಿರುಕು ಬಿಟ್ಟರೆ ಅಥವಾ ಕಿತ್ತರೆ ತೇಪೆ ಹಾಕಿದ್ದು ಎಂದೆಂದಿಗೂ ಕಾಣುತ್ತಲೇ ಇರುತ್ತದೆ, ಏಕೆಂದರೆ ಪುಡಿಯ ಪ್ರಮಾಣ, ಸಿಮೆಂಟಿನ ಛಾಯೆ, ಕರಣೆಯ ಒತ್ತಡ ಇವುಗಳನ್ನು ಹೇಗೋ ಹೊಂದಿಸಿದರೂ ದಶಕಗಳ ಎಣ್ಣೆಯನ್ನೂ ಪಾದಗಳನ್ನೂ ಒಂದು ದಿನದಲ್ಲಿ ಬೆರೆಸಲು ಬರುವುದಿಲ್ಲ.

ಬಸವನಗುಡಿಯ ಮನೆಯಲ್ಲಿ ಇಡೀ ಚರ್ಚೆ ಹುಟ್ಟಿದ್ದೇ ಅಂಥ ತೇಪೆಯೊಂದರಿಂದ. ಅಡುಗೆಮನೆಯ ಮೂಲೆಯಲ್ಲಿ, ಗೋಡೆಯಿಂದ ಗೇಣು ದೂರದಲ್ಲಿ, ಊಟದ ತಟ್ಟೆಗಿಂತ ತುಸು ದೊಡ್ಡದಾದ ಒಂದು ವೃತ್ತ. ಸುತ್ತಲಿನ ನೆಲ ಹಳೆಯ ಕುಂಕುಮದ ಬಣ್ಣದ್ದಾದರೆ ಇದು ಇಟ್ಟಿಗೆಯ ಬಣ್ಣದ್ದು. ನೆಲದಲ್ಲಿ ಹುಗಿದಿದ್ದ ಒರಳುಕಲ್ಲನ್ನು ಮನೆಗೆ ಮಿಕ್ಸಿ ಬಂದ ಕೆಲವು ವರ್ಷಗಳ ಮೇಲೆ ಕಿತ್ತು, ಗುಂಡಿಯನ್ನು ಮುಚ್ಚಿದ ಗುರುತು ಅದು. ಕಲ್ಲು ಈಗ ಹಿತ್ತಲಿನಲ್ಲಿ ಮಳೆನೀರು ತುಂಬಿಕೊಂಡು ಗುಬ್ಬಿಗಳ ಬಳಕೆಯಲ್ಲಿದೆ. ತೇಪೆಯ ಒಂದು ಬದಿಯಲ್ಲಿ, ಒಂದಕ್ಕೊಂದು ಸಮಾನಾಂತರವಾಗಿ, ನೆಲದಲ್ಲಿ ಎರಡು ಮೋಟು ಗೀರುಗಳಿವೆ. ಹಿಟ್ಟು ರುಬ್ಬಲು ಕೂರುವವರು ಮಣೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆದುಕೊಳ್ಳುತ್ತಿದ್ದಾಗ ಅದರ ಕೆಳಗಿನ ಎರಡು ಪಟ್ಟಿಗಳು ಕೊರೆದ ಗೀರುಗಳವು ಎಂಬುದು ಒಡತಿ ತೋರಿಸಿ ಹೇಳುವವರೆಗೂ ಹೊಳೆಯುವಂತಿರಲಿಲ್ಲ. ಅವರಿಗಾದರೋ ಆ ವೃತ್ತ ಮನೆಯ ಮಾನ ಕಳೆಯುವ ಕಲೆ. ಬಂದವರೆಲ್ಲರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ ಎಂಬುದು ಅವರ ಕೊರಗು. ಹಳೆಯ ಮನೆಯನ್ನು ಬಯಸಿ ಬರುವ ಗಿರಾಕಿ ಆ ಮೂಲೆಯಲ್ಲೇ ಐದು ನಿಮಿಷ ಹೆಚ್ಚು ನಿಲ್ಲಬಹುದೆಂಬ ಮಾತು ಅವರಿಗೆ ಸಮಾಧಾನದ ಮಾತಿನಂತೆ ಮಾತ್ರ ಕೇಳಿಸಿತು.

ಟೈಲಿನ ವಿಷಯದಲ್ಲಿ ಬ್ರೋಕರ್ ಹೇಳದೆ ಬಿಟ್ಟ ಸಂಗತಿಗಳೂ ಇದ್ದವು. ನುಣುಪಾದ ನೆಲಕ್ಕೆ ಅಂಟು ಸರಿಯಾಗಿ ಹಿಡಿಯದ ಕಾರಣ ಮೊದಲು ಉಳಿಯಿಂದ ನೆಲದ ತುಂಬ ಕಚ್ಚು ಹಾಕಬೇಕಾಗುತ್ತದೆ, ಅಲ್ಲಿಗೆ ಹಳೆಯ ನೆಲ ಮತ್ತೆ ಸಿಗದಂತೆ ಹಾಳಾಯಿತು. ಟೈಲು ಮತ್ತು ಅಂಟು ಸೇರಿ ನೆಲ ಅರ್ಧ ಅಂಗುಲಕ್ಕಿಂತಲೂ ಹೆಚ್ಚು ಏರುವುದರಿಂದ ಒಳಬಾಗಿಲುಗಳು ನೆಲಕ್ಕೆ ಉಜ್ಜತೊಡಗುತ್ತವೆ, ಬಡಗಿಯನ್ನು ಕರೆಸಿ ತೇಗದ ಬಾಗಿಲುಗಳ ಬುಡವನ್ನು ಕೊಯ್ಯಿಸಬೇಕು. ಹೊಸಿಲು ಆ ಮೇರೆಗೆ ಕುಳ್ಳಾಗುತ್ತದೆ.

ಬಣ್ಣದ ವಿಷಯ ಇದಕ್ಕಿಂತ ಗಂಭೀರ. ಹಳೆಯ ಮನೆಗಳ ಗೋಡೆಯ ಬುಡದಲ್ಲಿ ನೆಲದ ತೇವ ಮೇಲೇರಿ, ನೀರು ಆರಿದಲ್ಲಿ ಉಪ್ಪು ಬಿಳಿ ಹೂವಿನಂತೆ ಹೊಮ್ಮುವುದು ಸಾಮಾನ್ಯ. ಸುಣ್ಣ ಬಳಿದ ಗೋಡೆ ಆ ತೇವವನ್ನು ಹೊರಕ್ಕೆ ಬಿಟ್ಟು ಉಸಿರಾಡುತ್ತದೆ; ಅದೇ ಗೋಡೆಗೆ ಪುಟ್ಟಿ, ಪ್ರೈಮರ್, ಎಮಲ್ಷನ್ ಬಳಿದರೆ ನೀರಿಗೆ ದಾರಿ ಕಟ್ಟಿ, ಕೆಲವು ತಿಂಗಳಲ್ಲೇ ಬಣ್ಣ ಗುಳ್ಳೆಯೆದ್ದು ಚಕ್ಕೆಚಕ್ಕೆಯಾಗಿ ಉದುರುತ್ತದೆ. ಮಾರಾಟ ಮುಗಿಯುವಷ್ಟು ಕಾಲ ಅದು ನಿಂತರೆ ಸಾಕೆಂದು ಬಗೆಯುವವರು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣವನ್ನು ಒಮ್ಮೆ ಓದಬೇಕು. ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿರದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಅವರ ಗಮನಕ್ಕೆ ಬರಲಾರದ ಮುಖ್ಯ ದೋಷವನ್ನು, ಅದು ಕಟ್ಟಡದ್ದಿರಲಿ ಹಕ್ಕಿನದ್ದಿರಲಿ, ಮಾರುವವರು ತಾವಾಗಿಯೇ ತಿಳಿಸಬೇಕೆಂದು ಅದು ವಿಧಿಸುತ್ತದೆ. ತಿಳಿಸದಿರುವುದನ್ನು ವಂಚನೆ ಎಂದೇ ಕರೆಯುತ್ತದೆ. ಗೋಡೆಯ ತೇವ ಅಷ್ಟು ದೊಡ್ಡ ದೋಷವೇ ಎಂಬುದನ್ನು ವಕೀಲರು ವಾದಿಸಿಕೊಳ್ಳಲಿ, ಆದರೆ ಸೋರುವ ಸೂರಿನ ಕೆಳಗೆ ಮಾರಾಟದ ಹಿಂದಿನ ವಾರ ಬಳಿಸಿದ ಬಣ್ಣವನ್ನು ಮುಗ್ಧ ಅಲಂಕಾರವೆನ್ನುವುದು ಕಷ್ಟ.

ನಿಜವಾಗಿ ಸಜ್ಜುಗೊಳಿಸಬೇಕಾದದ್ದು ಬೀರುವಿನಲ್ಲಿರುತ್ತದೆ. ಎರಡೂ ಬಗೆಯ ಗಿರಾಕಿಗಳು ಮನೆ ನೋಡಿದ ಮೇಲೆ ಕೇಳುವುದು ಪತ್ರಗಳನ್ನೇ: ಸ್ವತ್ತು ಮೂಲದಲ್ಲಿ ಯಾರಿಂದ ಬಂತೆಂದು ತೋರಿಸುವ ಮೂಲ ಪತ್ರ, ಮಾರುವವರ ಹೆಸರಿನ ಕ್ರಯಪತ್ರ ಅಥವಾ ವಿಭಾಗ ಪತ್ರ, ತೆರಿಗೆ ರಸೀದಿ, ಮತ್ತು ಇ.ಸಿ. ಎಂದೇ ಬಳಕೆಯಲ್ಲಿರುವ ಋಣಭಾರ ಪ್ರಮಾಣಪತ್ರ. ಕೇಳಿದ ಅವಧಿಯಲ್ಲಿ ಸ್ವತ್ತಿನ ಮೇಲೆ ನೋಂದಣಿಯಾದ ವ್ಯವಹಾರಗಳಿದ್ದರೆ ಅದು 15ನೆಯ ನಮೂನೆಯಲ್ಲಿ, ಏನೂ ಇಲ್ಲದಿದ್ದರೆ 16ನೆಯ ನಮೂನೆಯಲ್ಲಿ ಬರುತ್ತದೆ. 2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತಾ, ಅಂದರೆ ಪಾಲಿಕೆಯ ಸ್ವತ್ತು ದಾಖಲೆಯಾದ ಖಾತೆಯ ಡಿಜಿಟಲ್ ರೂಪ, ಕಡ್ಡಾಯವಾದ ಮೇಲೆ, ತೀರಿಕೊಂಡ ತಂದೆಯ ಹೆಸರಿನಲ್ಲೇ ಖಾತೆಯನ್ನು ಬಿಟ್ಟಿದ್ದ ಮನೆಗಳವರಿಗೆ ಬಣ್ಣಕ್ಕಿಂತ ವಂಶವೃಕ್ಷ ಮೊದಲು ಬೇಕಾಯಿತು. ಇವುಗಳನ್ನು ಒಂದು ಫೈಲಿನಲ್ಲಿ ಕ್ರಮವಾಗಿ ಜೋಡಿಸಿಟ್ಟ ಮನೆ, ಗೋಡೆ ಮಾಸಿದ್ದರೂ, ಹೊಳೆಯುವ ಗೋಡೆಗಳ ಗೊಂದಲದ ಮನೆಗಿಂತ ಬೇಗ ಕೈದಾಟುತ್ತದೆ. ಬಣ್ಣದ ಖರ್ಚಿಗೆ ಇನ್ನೊಂದು ಅನನುಕೂಲವೂ ಇದೆ: ಆದಾಯ ತೆರಿಗೆಯ ಲೆಕ್ಕದಲ್ಲಿ ಅದು ಸಾಮಾನ್ಯವಾಗಿ ದುರಸ್ತಿಯೆನಿಸಿಕೊಳ್ಳುತ್ತದೆಯೇ ಹೊರತು ಸ್ವತ್ತಿನ ಸುಧಾರಣೆ ಎನಿಸಿಕೊಳ್ಳುವುದಿಲ್ಲ, ಹಾಗಾಗಿ ಮಾರಾಟದ ಲಾಭದಿಂದ ಅದನ್ನು ಕಳೆಯಲು ಬರುವುದಿಲ್ಲ.

ಬಸವನಗುಡಿಯ ಮನೆಯ ಫೈಲು ಅಚ್ಚುಕಟ್ಟಾಗಿತ್ತು. ತೀರಿಕೊಂಡ ಯಜಮಾನರು ಪ್ರತಿ ವರ್ಷದ ಕಂದಾಯ ರಸೀದಿಯನ್ನೂ ದಾರದಲ್ಲಿ ಪೋಣಿಸಿಟ್ಟಿದ್ದರು. ಟೈಲಿನ ಚರ್ಚೆ ಕೊನೆಗೆ ರಾಜಿಯಲ್ಲಿ ಮುಗಿಯಿತು. ನಡುಮನೆ, ಕೋಣೆಗಳು ಇದ್ದಂತೆಯೇ ಇರಲಿ, ಅಡುಗೆಮನೆಗೆ ಮಾತ್ರ ಟೈಲು ಹಾಕಿಸುವುದು, ಒಡತಿಗೆ ಆ ವೃತ್ತ ಮುಚ್ಚಿದರೆ ಸಾಕು. ಉಳಿದ ಡಬ್ಬಗಳನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲು ಒಪ್ಪಿದರು. ಕಚ್ಚು ಹಾಕಲು ಬಂದ ಮೇಸ್ತ್ರಿ ಮಂಡಿಯೂರಿ ಕೂತು, ಅಂಗೈಯಿಂದ ನೆಲವನ್ನು ಒಮ್ಮೆ ಸವರಿ, “ಇಂಥ ಕೆಲಸ ಮಾಡೋರು ಈಗ ಎಲ್ಲಿ ಸಿಗ್ತಾರಮ್ಮಾ,” ಎಂದು ಹೇಳಿಯೇ ಉಳಿಯನ್ನು ಎತ್ತಿಕೊಂಡನು. ಮೊದಲ ಪೆಟ್ಟು ತೇಪೆಯ ಮೇಲೆ ಬಿತ್ತು. ನಾಲ್ಕೇ ಪೆಟ್ಟಿಗೆ ಆ ವೃತ್ತ ಹೋಳಾಗಿ ಎದ್ದುಬಂತು. ಮಣೆಯ ಗೀರುಗಳಿದ್ದ ಕಡೆಯ ಹಳೆಯ ನೆಲ ಮಾತ್ರ ಸಂಜೆಯವರೆಗೂ ಉಳಿಗೆ ಬಗ್ಗಲಿಲ್ಲ.