ತಮ್ಮನನ್ನು ಎಲ್ಲಿ ಬಿಡ್ಲಿ, ಆಂಟಿ?

ಬೇಸಿಗೆ ರಜೆ ಬಂತೆಂದರೆ ಮಕ್ಕಳಿಗೆ ಹಬ್ಬ, ತಾಯಂದಿರಿಗೆ ತಲೆನೋವು! ಶಿವಮೊಗ್ಗ, ಭದ್ರಾವತಿಯ ಚರ್ಚುಗಳಲ್ಲಿ ಆಗ ‘ವಿ.ಬಿ.ಎಸ್.’ ಎಂಬ ರಜಾ ಬೈಬಲ್ ಶಾಲೆ ನಡೆಯುತ್ತದೆ. ಹಾಡು, ಕಥೆ, ಕೈಕೆಲಸ, ಆಟ. ಕಲಿಸುವವರು ಹೆಚ್ಚಾಗಿ ನಮ್ಮಂಥ ಗೃಹಿಣಿಯರು, ಕಾಲೇಜು ಹುಡುಗಿಯರು. ಸಂಬಳದ ಮಾತೇ ಇಲ್ಲ.

1898ರಲ್ಲಿ ನ್ಯೂಯಾರ್ಕಿನ ಶ್ರೀಮತಿ ಹಾಸ್ ಎಂಬಾಕೆ, ಬೀದಿಯಲ್ಲಿ ಅಲೆಯುತ್ತಿದ್ದ ಮಕ್ಕಳಿಗಾಗಿ ಬಿಯರ್ ಅಂಗಡಿಯ ಹಾಲನ್ನು ಬಾಡಿಗೆಗೆ ಹಿಡಿದು ಇಂಥ ಶಾಲೆ ನಡೆಸಿದರು. ಇದನ್ನು ಓದಿದ್ದ ನಾನೇ ಮರೆತುಬಿಟ್ಟೆ, ನೋಡಿ!

ಭದ್ರಾವತಿ ಕಬ್ಬಿಣದ ಕಾರ್ಖಾನೆಯಿಂದ ಬೆಳೆದ ಊರು. ಕನ್ನಡ, ತಮಿಳು, ಮಲಯಾಳದ ಮಕ್ಕಳು ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಮೊದಲ ದಿನ ಹತ್ತು ವರ್ಷದ ಹುಡುಗಿಯೊಬ್ಬಳು ಮೂರು ವರ್ಷದ ತಮ್ಮನನ್ನು ಸೊಂಟದಲ್ಲಿ ಹೊತ್ತು ಬಂದಳು. “ಐದು ವರ್ಷ ತುಂಬದವರಿಗೆ ಇಲ್ಲಮ್ಮ” ಎಂದೆ.

“ಅಮ್ಮ ಕೆಲಸಕ್ಕೆ ಹೋಗ್ತಾರೆ. ಇವನನ್ನ ಎಲ್ಲಿ ಬಿಡ್ಲಿ, ಆಂಟಿ?”

ನಿಯಮ ನಿಯಮವೇ ಎಂದು ಕಳಿಸಿಬಿಟ್ಟೆ. ಎರಡು ದಿನ ಅವಳ ಸುಳಿವಿಲ್ಲ. ರಾತ್ರಿ ನಿದ್ದೆಯೂ ಹತ್ತಲಿಲ್ಲ. ಮೂರನೆಯ ಸಂಜೆ ಅವಳ ಮನೆ ಹುಡುಕಿಕೊಂಡು ಹೋಗಿ, “ಇಬ್ಬರನ್ನೂ ಕಳಿಸ್ರಿ” ಎಂದು ತಾಯಿಯನ್ನು ಕೇಳಿಕೊಂಡೆ.

ಮರುದಿನ ಹೊಂಗೆ ಮರದ ನೆರಳಲ್ಲಿ ಇನ್ನೊಂದು ಚಾಪೆ ಹಾಸಿದೆವು. ಅಜ್ಜಿಯೊಬ್ಬರು ಪುಟಾಣಿಗಳನ್ನು ನೋಡಿಕೊಳ್ಳಲು ಒಪ್ಪಿದರು. ವಾರ ಮುಗಿಯುವಷ್ಟರಲ್ಲಿ ಅಲ್ಲಿ ಆರು ಪುಟಾಣಿಗಳು! ಅವರ ಅಕ್ಕಂದಿರೆಲ್ಲ ಒಳಗೆ ಹಾಡುತ್ತಿದ್ದರು.

ಸೋದರಿಯರೇ, ನೀವೂ ಇಂಥ ಸೇವೆಗೆ ಹೊರಟರೆ ಹೆಸರು ಬರೆದುಕೊಳ್ಳುವಾಗಲೇ ಕೇಳಿ: “ಮನೆಯಲ್ಲಿ ಚಿಕ್ಕವರಿದ್ದಾರಾ?” ಬೇರೆ ಮತದ ಮಕ್ಕಳಾದರೆ, ಏನು ಕಲಿಸುತ್ತೀರೆಂದು ತಾಯಿತಂದೆಗೆ ಮೊದಲೇ ತಿಳಿಸಿ, ಒಪ್ಪಿಗೆ ಪಡೆಯಿರಿ. ಬಿಸಿಲಿಗೆ ಒಂದು ಕೊಡ ನಿಂಬೆ ಪಾನಕ ಸಾಕು. ಒಂದು ಚಾಪೆ ಮಾತ್ರ ಹೆಚ್ಚಿಗೆ ಇರಲಿ.