ಸಿಗಾರಿಗೆ ಗಾಳಿ, ಸಿಗರೇಟಿಗೆ ಬೆಂಕಿ

ಹವಾನಾದ ಸಿಗಾರ್ ಪೆಟ್ಟಿಗೆಯ ಮೇಲೆ ಅದು ಹುಟ್ಟಿದ ನಾಡಿನ ಹೆಸರಿರುತ್ತದೆ, ಕೆಲವೊಮ್ಮೆ ಮನೆತನದ ಹೆಸರೂ ಇರುತ್ತದೆ. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿರುವ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಸಾಲಾಗಿ ಇಟ್ಟ ಬೇಲುಗಳ ಮೇಲೆ ಇರುವುದು ಒಂದು ಚೀಟಿ ಮಾತ್ರ. ಅದರಲ್ಲಿ ಸಂಖ್ಯೆ, ತೂಕ ಮತ್ತು ದರ್ಜೆ. ಹರಾಜು ಮುಗಿದ ಮೇಲೆ ಆ ಎಲೆ ಯಾವ ಊರಿನದು, ಯಾರ ಮನೆಯದು ಎಂದು ಕೇಳುವವರಿಲ್ಲ. ಅದನ್ನು ಸೇದುವವನಿಗಂತೂ ಅರಕಲಗೂಡು ಎಂಬ ಊರು ಇದೆಯೆಂಬುದೇ ತಿಳಿದಿರುವುದಿಲ್ಲ.

ಎರಡೂ ಒಂದೇ ಜಾತಿಯ ಗಿಡ. ಎರಡು ಕಡೆಯೂ ಅದನ್ನು ಬೆಳೆದು ಹದ ಮಾಡುವುದು ಕುಟುಂಬದ ಕೆಲಸ. ತಂದೆಯಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ಬರುವ ವಿದ್ಯೆ. ಹಾಗಿದ್ದೂ ಒಂದು ಎಲೆ ಹೆಸರು ಗಳಿಸಿತು, ಇನ್ನೊಂದು ಹೆಸರು ಕಳೆದುಕೊಂಡಿತು. ಇದಕ್ಕೆ ಕಾರಣ ಹುಡುಕುತ್ತಾ ಹೋದರೆ ಎಲೆಯನ್ನು ಒಣಗಿಸುವ ಬಗೆಯ ಬಳಿಗೆ ಬಂದು ನಿಲ್ಲುತ್ತೇವೆ. ಸಿಗಾರಿನ ಎಲೆಯನ್ನು ಗಾಳಿ ಒಣಗಿಸುತ್ತದೆ, ಸಿಗರೇಟಿನ ಎಲೆಯನ್ನು ಬೆಂಕಿ.

ಬಿಜಾಪುರದಿಂದ ಹೊರಟ ಹೊಗೆ

ಅಮೆರಿಕ ಖಂಡದ ಈ ಗಿಡವನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ಮೊಗಲರ ಆಸ್ಥಾನಕ್ಕೆ ಅದು ಹೋದದ್ದು ಕನ್ನಡ ನಾಡಿನಿಂದ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲದ ಸಂಗತಿ. ಅಕ್ಬರನ ರಾಯಭಾರಿಯಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಅಲ್ಲಿ ತಂಬಾಕನ್ನು ಕಂಡು ಬೆರಗಾದ. 1604ರ ಸುಮಾರಿಗೆ ಹಿಂದಿರುಗುವಾಗ ಸ್ವಲ್ಪ ತಂಬಾಕನ್ನೂ ಅಲಂಕರಿಸಿದ ಚಿಲುಮೆಯೊಂದನ್ನೂ ಒಯ್ದು ಬಾದಶಹನಿಗೆ ಒಪ್ಪಿಸಿದ. ಅಕ್ಬರ್ ಒಂದೆರಡು ದಮ್ಮು ಎಳೆದ; ಆಸ್ಥಾನದ ಹಕೀಮ ಬೇಡವೆಂದು ತಡೆದ. ಆದರೆ ಅಮೀರರು ಬಿಡಲಿಲ್ಲ. ಕೆಲವೇ ವರ್ಷಗಳಲ್ಲಿ ಚಟ ಎಷ್ಟು ಹಬ್ಬಿತೆಂದರೆ 1617ರಲ್ಲಿ ಜಹಾಂಗೀರನು ಧೂಮಪಾನವನ್ನೇ ನಿಷೇಧಿಸಬೇಕಾಯಿತು. ಆ ನಿಷೇಧ ಫಲಿಸಲಿಲ್ಲ.

ಹಳೆಯ ಮೈಸೂರು ಸೀಮೆಯಲ್ಲಿ ತಂಬಾಕು ಹೆಚ್ಚಾಗಿ ಬಂದದ್ದು ಎಲೆಯಡಿಕೆಯ ಚೀಲದೊಳಕ್ಕೆ. ಹೊಗೆಸೊಪ್ಪು, ಕಡ್ಡಿಪುಡಿ, ನಶ್ಯ ಎಂಬ ಮಾತುಗಳು ಹಾಸನದ ಕಡೆಯ ಹಿರಿಯರಿಗೆ ಹೊಸದಲ್ಲ. ಸಿಗಾರಿನ ಹತ್ತಿರದ ಬಂಧುವಾದ ಚುಟ್ಟಾ ಬೆಳೆದದ್ದು ಪಕ್ಕದ ತಮಿಳುನಾಡು ಮತ್ತು ಆಂಧ್ರದಲ್ಲಿ. ದಿಂಡಿಗಲ್ ಮತ್ತು ತಿರುಚಿನಾಪಳ್ಳಿಯ ಚುಟ್ಟಾಗಳು ಇಂಗ್ಲೆಂಡಿನವರೆಗೂ ಹೋಗಿ ಷರ್ಲಾಕ್ ಹೋಮ್ಸ್‌ನ ಪತ್ತೇದಾರಿಯಲ್ಲಿಯೂ ಕಾಣಿಸಿಕೊಂಡವು. ಅದಕ್ಕೆ ಇಂಗ್ಲಿಷರು ಕೊಟ್ಟ ‘ಚೆರೂಟ್’ ಎಂಬ ಹೆಸರು ತಮಿಳಿನ ‘ಸುರುಟ್ಟು’ ಎಂಬುದರಿಂದ ಬಂದದ್ದು. ಕನ್ನಡದ ‘ಸುರುಟು’, ‘ಸುರುಳಿ’ಗಳೂ ಅದೇ ಬಳಗದ ಮಾತುಗಳು. ಎಲೆಯನ್ನು ಕೈಯಲ್ಲಿ ಸುರುಟಿದರೆ ಚುಟ್ಟಾ, ಅಷ್ಟೇ.

ಗಾಳಿಯ ಎಲೆ

ಒಳ್ಳೆಯ ಸಿಗಾರ್ ಎಂದರೆ ಕೈಯಿಂದಲೇ ಸುರುಟಿದ್ದು, ಕತ್ತರಿಸಿದ ಚೂರಿಲ್ಲದೆ ಉದ್ದನೆಯ ಎಲೆಗಳಿಂದಲೇ ಮಾಡಿದ್ದು. ಅದರಲ್ಲಿ ಮೂರು ಭಾಗ. ಒಳಗೆ ತುಂಬುವ ಎಲೆಗಳು, ಅವನ್ನು ಹಿಡಿದಿಡುವ ಕಟ್ಟು ಎಲೆ, ಹೊರಗೆ ಸುತ್ತುವ ಹೊದಿಕೆ ಎಲೆ. ಹೊದಿಕೆ ಎಲೆಯಲ್ಲಿ ತೂತು, ಕಲೆ, ದಪ್ಪ ನರ ಇರಕೂಡದು. ಆದ್ದರಿಂದ ಕ್ಯೂಬಾದಲ್ಲಿ ಹೊದಿಕೆ ಎಲೆಯ ಹೊಲಕ್ಕೆ ತೆಳ್ಳನೆಯ ಬಟ್ಟೆಯ ಚಪ್ಪರ ಕಟ್ಟಿ, ನೆರಳಿನಲ್ಲಿ ಬೆಳೆಸುತ್ತಾರೆ. ಭಾರತದಲ್ಲಿ ಇಂಥ ಹೊದಿಕೆ ಎಲೆಗೆ ಪಶ್ಚಿಮ ಬಂಗಾಳದ ಕೂಚ್ ಬಿಹಾರ ಹೆಸರಾಗಿದೆ.

ಕಿತ್ತ ಎಲೆಯನ್ನು ಗಾಳಿಯಾಡುವ ಕೊಟ್ಟಿಗೆಯಲ್ಲಿ ವಾರಗಟ್ಟಲೆ ತೂಗುಹಾಕುತ್ತಾರೆ. ಎಲೆ ನಿಧಾನವಾಗಿ ಸಾಯುತ್ತಾ ತನ್ನಲ್ಲಿರುವ ಪಿಷ್ಟವನ್ನೂ ಸಕ್ಕರೆಯನ್ನೂ ತಾನೇ ಉಂಡು ಮುಗಿಸುತ್ತದೆ. ಅನಂತರ ಎಲೆಯನ್ನು ರಾಶಿ ಹಾಕುತ್ತಾರೆ. ಗೊಬ್ಬರದ ಗುಂಡಿಯಂತೆ ರಾಶಿ ತಾನಾಗಿ ಬಿಸಿಯಾಗಿ ಹುದುಗುತ್ತದೆ, ಖಾರ ಇಳಿಯುತ್ತದೆ. ಆಮೇಲೆ ತಿಂಗಳುಗಳೋ ವರ್ಷಗಳೋ ಕಾಯಿಸಿದ ಮೇಲೆ ಸುರುಟುವವನ ಕೈಗೆ ಬರುತ್ತದೆ. ಸಿಗಾರ್ ದುಬಾರಿಯಾಗಲು, ಕೆಲವು ಅಪರೂಪವಾಗಲು ಈ ಕಾಲವೂ ಒಂದು ಕಾರಣ.

ಈ ಪರಂಪರೆಯಲ್ಲಿ ಎದ್ದು ಕಾಣುವ ಹೆಸರು ಕ್ಯೂಬಾದ ರೈತ ಅಲೆಹಾಂಡ್ರೊ ರೊಬೈನಾ (1919–2010). ಪಿನಾರ್ ದೆಲ್ ರಿಯೋ ಪ್ರಾಂತ್ಯದಲ್ಲಿ ಅವರ ಮನೆತನ ತಂಬಾಕು ಬೆಳೆಯತೊಡಗಿದ್ದು 1845ರಲ್ಲಿ. ಅವರ ಹೊಲದ ಹೊದಿಕೆ ಎಲೆ ಎಷ್ಟು ಹೆಸರಾಯಿತೆಂದರೆ 1997ರಲ್ಲಿ ಕ್ಯೂಬಾ ಅವರ ಹೆಸರಿನಲ್ಲೇ ‘ವೇಗಾಸ್ ರೊಬೈನಾ’ ಎಂಬ ಸಿಗಾರನ್ನು ಮಾರುಕಟ್ಟೆಗೆ ತಂದಿತು. ಆದರೆ ಅಲ್ಲಿಯೂ ಇದೊಂದು ಅಪವಾದ ಎಂಬುದನ್ನು ಮರೆಯಬಾರದು. ಕ್ಯೂಬಾದ ರೈತರು ತಮ್ಮ ಎಲೆಯ ಬಹುಪಾಲನ್ನು ಸರ್ಕಾರಕ್ಕೆ, ಸರ್ಕಾರ ಗೊತ್ತುಮಾಡಿದ ದರಕ್ಕೇ ಕೊಡಬೇಕು.

ಬೆಂಕಿಯ ಎಲೆ

ಇನ್ನೊಂದು ದಾರಿ ತೆರೆದದ್ದು 1839ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ. ಸ್ಲೇಡ್ ಎಂಬ ಜಮೀನುದಾರನ ಹೊಲದಲ್ಲಿ ಸ್ಟೀಫನ್ ಎಂಬ ಕರಿಯ ಗುಲಾಮನಿದ್ದ. ತಂಬಾಕಿನ ಮನೆಯ ಬೆಂಕಿ ಕಾಯುತ್ತಿದ್ದ ಅವನಿಗೆ ಒಂದು ರಾತ್ರಿ ನಿದ್ದೆ ಹತ್ತಿತು. ಎಚ್ಚರವಾದಾಗ ಬೆಂಕಿ ಆರುತ್ತಿತ್ತು. ಗಾಬರಿಯಿಂದ ಕಮ್ಮಾರಸಾಲೆಯ ಇದ್ದಿಲನ್ನು ತಂದು ಸುರಿದ. ಒಮ್ಮೆಲೇ ಏರಿದ ಶಾಖಕ್ಕೆ ಎಲೆ ಹೊಂಬಣ್ಣಕ್ಕೆ ತಿರುಗಿತು. ಹೀಗೆಂದು ಕಥೆ. ಆ ಬಣ್ಣದ ಎಲೆಗೆ ಬಂದ ಲಾಭ ಸ್ಟೀಫನ್‌ನ ಪಾಲಿಗೆ ಬರಲಿಲ್ಲ. ಮುಂದೆ ಹೊಗೆ ತಾಗದಂತೆ ಕೊಳವೆಗಳ ಮೂಲಕ ಶಾಖ ಹಾಯಿಸುವ ಕ್ರಮ ರೂಢಿಗೆ ಬಂದಿತು. ಹೀಗೆ ಹದ ಮಾಡಿದ್ದೇ ‘ವರ್ಜೀನಿಯಾ’ ಎಂದು ಇಲ್ಲಿ ಕರೆಯುವ ತಂಬಾಕು.

ಇದರಲ್ಲಿ ನಡೆಯುವುದೇನು? ಮೊದಲ ಒಂದೆರಡು ದಿನ ಸಣ್ಣ ಶಾಖದಲ್ಲಿ ಎಲೆ ಹಳದಿಯಾಗುತ್ತದೆ, ಪಿಷ್ಟ ಸಕ್ಕರೆಯಾಗುತ್ತದೆ. ಆ ಸಕ್ಕರೆಯನ್ನು ಎಲೆ ಉಂಡು ಮುಗಿಸುವ ಮೊದಲೇ ಶಾಖ ಏರಿಸಿ ಅದರ ಜೀವವನ್ನು ನಿಲ್ಲಿಸಿಬಿಡುತ್ತಾರೆ. ಬಣ್ಣವೂ ಸಕ್ಕರೆಯೂ ಎಲೆಯಲ್ಲೇ ಉಳಿಯುತ್ತವೆ.

ಈ ಸಣ್ಣ ವ್ಯತ್ಯಾಸ ಲೋಕದ ಆರೋಗ್ಯವನ್ನೇ ಬದಲಿಸಿತು. ಸಿಗಾರಿನ ಹೊಗೆ ಕ್ಷಾರಗುಣದ್ದು. ಗಂಟಲಿಗೆ ಕೆರೆತ ತರುತ್ತದೆ, ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತ ಸೇರುತ್ತದೆ. ಆದ್ದರಿಂದ ಹೆಚ್ಚಿನವರು ಅದನ್ನು ಒಳಕ್ಕೆಳೆಯುವುದಿಲ್ಲ. ಸಕ್ಕರೆ ಉಳಿದ ವರ್ಜೀನಿಯಾ ಎಲೆಯ ಹೊಗೆ ಆಮ್ಲಗುಣದ್ದು, ನುಣುಪು. ಶ್ವಾಸಕೋಶದ ಆಳಕ್ಕೆ ಎಳೆದುಕೊಳ್ಳಬಹುದು. ಅಷ್ಟೇ ಆಳಕ್ಕೆ ವಿಷವೂ ಇಳಿಯುತ್ತದೆ. ಹಾಗೆಂದು ಸಿಗಾರ್ ನಿರಪಾಯಕಾರಿಯಲ್ಲ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್‌ಗೆ ಅದೂ ಕಾರಣ.

ಕಾವೇರಿ ದಂಡೆಯ ಬ್ಯಾರನ್

ಕರ್ನಾಟಕದ ವರ್ಜೀನಿಯಾ ತಂಬಾಕಿನ ಮುಖ್ಯ ನೆಲೆ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಹಾಗೂ ಅವುಗಳಿಗೆ ತಾಗಿಕೊಂಡ ಹಾಸನ ಜಿಲ್ಲೆಯ ಅರಕಲಗೂಡು. ಆಂಧ್ರದಲ್ಲಿ ಇದು ಹಿಂಗಾರಿನ ಬೆಳೆ, ಇಲ್ಲಿ ಮುಂಗಾರಿನದು. ಕೆಂಪು ಹಗುರ ಮಣ್ಣು, ಮುಂಗಾರಿನ ಹದವಾದ ಮಳೆ ಇದಕ್ಕೆ ಹಿಡಿಸಿವೆ. ಸಸಿ ಮಡಿ ಬೇಸಿಗೆಯಲ್ಲಿ, ನಾಟಿ ಮೇ ತಿಂಗಳ ಮಳೆ ಬಿದ್ದ ಮೇಲೆ. ಗಿಡ ಹೂವಿಗೆ ಬಂದಾಗ ಕುಡಿ ಮುರಿಯಬೇಕು. ಸತ್ವವೆಲ್ಲ ಎಲೆಗೆ ಹೋಗಲಿ ಎಂದು. ಜುಲೈನಿಂದ ಕೊಯ್ಲು. ಇಡೀ ಗಿಡವನ್ನು ಕಡಿಯುವುದಿಲ್ಲ. ಬುಡದಿಂದ ಮೇಲಕ್ಕೆ, ಹಣ್ಣಾದ ಎರಡು ಮೂರು ಎಲೆಗಳನ್ನಷ್ಟೇ ಪ್ರತಿ ಸಲ ಮುರಿಯುತ್ತಾರೆ.

ಮುರಿದ ಎಲೆ ಮನೆಯಂಗಳಕ್ಕೆ ಬರುತ್ತದೆ. ಅದನ್ನು ಕೋಲುಗಳಿಗೆ ಕಟ್ಟುವುದು ಹೆಚ್ಚಾಗಿ ಹೆಂಗಸರ ಕೆಲಸ. ಕೋಲುಗಳನ್ನು ಬ್ಯಾರನ್ನಿನೊಳಗೆ ಅಟ್ಟದಂತೆ ಸಾಲು ಸಾಲಾಗಿ ಏರಿಸಿ ಬಾಗಿಲು ಹಾಕಿದರೆ ಬೇಯಿಸುವ ಕೆಲಸ ಆರಂಭ. ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಳದಿ ಬರಿಸಿ, ಮೆಲ್ಲಗೆ ಏರಿಸುತ್ತಾ ಕೊನೆಗೆ ನಡುನರ ಒಣಗಲು 70 ಡಿಗ್ರಿಯವರೆಗೆ ಒಯ್ಯಬೇಕು. ಐದಾರು ದಿನ, ಹಗಲೂ ರಾತ್ರಿ ಒಲೆಯ ಮುಂದೆ ಯಾರಾದರೂ ಇರಲೇಬೇಕು. ಬೇಗ ಏರಿಸಿದರೆ ಎಲೆ ಹಸಿರಾಗೇ ಉಳಿಯುತ್ತದೆ, ತಡಮಾಡಿದರೆ ಕಂದುತ್ತದೆ. ಉಷ್ಣಮಾಪಕವಿದೆ ನಿಜ. ಆದರೆ ಈ ಸಲದ ಎಲೆ ಎಷ್ಟು ನೀರು ಕುಡಿದಿದೆ, ಯಾವ ಗಳಿಗೆಯಲ್ಲಿ ಕಿಂಡಿ ತೆರೆಯಬೇಕು ಎಂಬುದನ್ನು ತಿಳಿಸುವುದು ಅನುಭವ. ಕ್ಯೂಬಾದ ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಹರಡಿಕೊಳ್ಳುವ ಕಸುಬು ಇಲ್ಲಿ ಒಂದು ವಾರದ ನಿದ್ದೆಗೇಡಿನಲ್ಲಿ ಮುಗಿಯಬೇಕು.

ಇದಕ್ಕೆ ಮನೆ ತೆರುವ ಬೆಲೆಯೂ ಇದೆ. ಒದ್ದೆ ಎಲೆಯನ್ನು ಮುರಿಯುವಾಗ, ಕಟ್ಟುವಾಗ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಸೇರಿ ತಲೆಸುತ್ತು, ವಾಂತಿ ತರುತ್ತದೆ. ಎಂದೂ ಬೀಡಿ ಮುಟ್ಟದ ಹೆಂಗಸರಿಗೂ ಇದು ತಪ್ಪಿದ್ದಲ್ಲ. ಇನ್ನು ಸೌದೆ. ಒಂದು ಕೆ.ಜಿ. ಎಲೆ ಬೇಯಲು ಸುಮಾರು 4ರಿಂದ 5 ಕೆ.ಜಿ. ಸೌದೆ ಬೇಕು.

ಹೆಸರು ಅಳಿಯುವ ಬಗೆ

1976ರಲ್ಲಿ ಕೇಂದ್ರ ಸರ್ಕಾರದ ತಂಬಾಕು ಮಂಡಳಿ ಸ್ಥಾಪನೆಯಾಯಿತು. ಅದಕ್ಕೆ ಮುಂಚೆ ವ್ಯಾಪಾರಿ ಹೇಳಿದ್ದೇ ದರ್ಜೆ, ಕೊಟ್ಟದ್ದೇ ದರ. 1984ರಲ್ಲಿ ಮಂಡಳಿ ಹರಾಜು ಪದ್ಧತಿಯನ್ನು ಮೊದಲು ಜಾರಿಗೆ ತಂದದ್ದು ಕರ್ನಾಟಕದಲ್ಲೇ. ಆಂಧ್ರದ ಸರದಿ ಬಂದದ್ದು ಮರುವರ್ಷ. ಯಾರು ಬೆಳೆಯಬೇಕು, ಎಷ್ಟು ಬೆಳೆಯಬೇಕು ಎಂಬುದೂ ಮಂಡಳಿಯ ಪರವಾನಗಿಗೆ ಒಳಪಟ್ಟಿದೆ. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕಕ್ಕೆ ಗೊತ್ತುಮಾಡಿದ ಪ್ರಮಾಣ ಸುಮಾರು 10 ಕೋಟಿ ಕೆ.ಜಿ. ಹರಾಜು ರೈತನಿಗೆ ನ್ಯಾಯವಾದ ತೂಕ ಕೊಟ್ಟಿತು, ಪೈಪೋಟಿಯ ಬೆಲೆ ಕೊಟ್ಟಿತು. ಹೆಸರನ್ನು ಕೊಡುವುದು ಅದರ ಕೈಯಲ್ಲಿ ಇರಲಿಲ್ಲ.

ಏಕೆಂದರೆ ಸಿಗಾರ್ ಮಾರುವುದು ವ್ಯತ್ಯಾಸವನ್ನು. ಈ ಹೊಲ ಬೇರೆ, ಈ ವರ್ಷದ ಬೆಳೆ ಬೇರೆ ಎಂಬುದೇ ಅದರ ಬೆಲೆ. ಸಿಗರೇಟು ಮಾರುವುದು ಏಕರೂಪವನ್ನು. ಇಂದು ಕೊಂಡ ಪ್ಯಾಕಿಗೂ ಮುಂದಿನ ವರ್ಷ ಕೊಳ್ಳುವ ಪ್ಯಾಕಿಗೂ ರುಚಿ ಒಂದೇ ಇರಬೇಕು. ಅದಕ್ಕಾಗಿ ಹತ್ತಾರು ನಾಡಿನ ಎಲೆಯನ್ನು ಕತ್ತರಿಸಿ ಬೆರೆಸುತ್ತಾರೆ. ಯಾವ ಎಲೆಯೂ ಮುಂದೆ ಬಂದು ತನ್ನ ಗುರುತು ಹೇಳಬಾರದು. ಕರ್ನಾಟಕದ ಎಲೆಗೆ ಹೊರದೇಶಗಳಲ್ಲಿ ಬೇಡಿಕೆ ಇರುವುದೂ ಯಾವುದರೊಡನೆಯೂ ಹೊಂದಿಕೊಳ್ಳುವ ಈ ಸೌಮ್ಯ ಗುಣಕ್ಕಾಗಿಯೇ. ಅರಕಲಗೂಡಿನ ರೈತ ತನ್ನ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತಾನೋ ಅವನ ಎಲೆ ಅಷ್ಟು ಚೆನ್ನಾಗಿ ಮರೆಯಾಗುತ್ತದೆ.

ಮುಂದೇನು?

ಭಾರತ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅಂಗೀಕರಿಸಿತು. ಬೇಡಿಕೆ ತಗ್ಗಿಸುವುದರ ಜೊತೆಗೆ ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಬೇಕೆಂದೂ ಅದರ 17ನೆಯ ವಿಧಿ ಹೇಳುತ್ತದೆ. ಬದಲಿ ಬೆಳೆಗಳಿಗೆ ಈ ಜಿಲ್ಲೆಯಲ್ಲಿ ಬರವಿಲ್ಲ. ಹಾಸನದ ಆಲೂಗೆಡ್ಡೆ ಹೆಸರಾದದ್ದು, ಹೊಳೆನರಸೀಪುರಕ್ಕೆ ಹೇಮಾವತಿಯ ನೀರಿದೆ, ಚನ್ನರಾಯಪಟ್ಟಣದಲ್ಲಿ ತೆಂಗಿದೆ, ಶುಂಠಿ ಜಿಲ್ಲೆಯ ಹಲವೆಡೆ ಹಬ್ಬಿದೆ. ಆದರೆ ಆಲೂಗೆಡ್ಡೆಗೆ ಅಂಗಮಾರಿ ಬಂದರೆ ಹೊಲಕ್ಕೆ ಹೊಲವೇ ಹೋಗುತ್ತದೆ. ಶುಂಠಿಯ ದರ ಒಂದು ವರ್ಷ ಮುಗಿಲಿಗೆ, ಮರುವರ್ಷ ನೆಲಕ್ಕೆ. ತೆಂಗು ಫಲ ಕೊಡಲು ವರ್ಷಗಳು ಬೇಕು. ತಂಬಾಕಿಗಾದರೋ ಬೆಲೆ ಏರಿಳಿದರೂ ಕೊಳ್ಳುವವನು ಬಂದೇ ಬರುತ್ತಾನೆ, ಹರಾಜಿನ ಕಟ್ಟೆ ಇದೆ, ಬೆಳೆಗೆ ಸಾಲ ಸಿಗುತ್ತದೆ. ರೈತ ತಂಬಾಕನ್ನು ಬಿಡದಿರುವುದು ಮಣ್ಣಿನ ಮಾತಿಗಲ್ಲ, ಮಾರುಕಟ್ಟೆಯ ಮಾತಿಗೆ.

ಹಾಗಾಗಿ ‘ತಂಬಾಕು ಬಿಡಿ’ ಎನ್ನುವವರು ರಾಮನಾಥಪುರದ ಹರಾಜು ಕಟ್ಟೆಯಂಥದ್ದೇ ಇನ್ನೊಂದು ಕಟ್ಟೆಯನ್ನು ಬೇರೆ ಬೆಳೆಗೆ ಕಟ್ಟಿಕೊಡಬೇಕಾಗುತ್ತದೆ. ಅಲ್ಲಿ ಬೆಳೆಯೊಂದಿಗೆ ಊರಿನ ಹೆಸರೂ ಉಳಿಯುವಂತಿದ್ದರೆ ಇನ್ನೂ ಒಳ್ಳೆಯದು. ಎಲೆಯ ಬಣ್ಣ ನೋಡಿ ಒಲೆಯ ಉರಿ ಅಳೆಯಬಲ್ಲ ಕೈಗಳಿಗೆ ಬೇರೆ ಕಸುಬು ಕಲಿಯುವುದು ಕಷ್ಟವಾಗಲಾರದು. ಅಲ್ಲಿಯವರೆಗೆ ಮುಂಗಾರಿನ ರಾತ್ರಿಗಳಲ್ಲಿ ಕಾವೇರಿ ದಂಡೆಯ ಹಳ್ಳಿಗಳ ಬ್ಯಾರನ್‌ಗಳ ಮುಂದೆ ಒಬ್ಬರಲ್ಲ ಒಬ್ಬರು ಸೌದೆ ಒಟ್ಟುತ್ತಾ ಎಚ್ಚರವಾಗಿ ಕೂತಿರುತ್ತಾರೆ.